ಕಾಯಲಿ ಬಿಡು

ಮಂಗಳವಾರ ಬೆಳಗ್ಗೆ ಏಳೂಕಾಲು. ಹೊರಗೆ ಮೈನಸ್ 9. ನಾಲ್ಕು ವರ್ಷದ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಎಂಜಿನ್ ಸ್ಟಾರ್ಟ್ ಮಾಡಿ, ಫ್ಯಾನ್ ಪೂರ್ತಿ ತಿರುಗಿಸಿ ಕೂತಿದ್ದೆ. ಬರುತ್ತಿದ್ದದ್ದು ಬರೀ ತಣ್ಣನೆ ಗಾಳಿ. "ಅಮ್ಮಾ, ಕಾಲು" ಅಂತ ಅವಳು ಮೂರನೇ ಸಲ ಹೇಳಿದಳು. ಅಷ್ಟರಲ್ಲಿ ಕಿಟಕಿ ಮೇಲೆ ಟಕ್ ಟಕ್.

ಎದುರು ಮನೆಯ ಹಿರಿಯರು. ಕೈಯಲ್ಲಿ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಪಟ್ಟಿ. ಗಾಜು ಇಳಿಸಿದೆ. ಗುಡ್ ಮಾರ್ನಿಂಗ್ ಕೂಡ ಇಲ್ಲ.

"ಎಂಜಿನ್ ನಿಲ್ಲಿಸಿ. ಇದರಿಂದ ಮಗುವಿಗೆ ಬಿಸಿ ಸಿಗಲ್ಲ, ಹೊಗೆ ಸಿಗುತ್ತೆ."

ಇಷ್ಟೇ. ಹೇಳಿ ತಮ್ಮ ಕಾರಿನ ಕಡೆ ನಡೆದರು. ನಾನು ಎಂಜಿನ್ ನಿಲ್ಲಿಸಲೂ ಇಲ್ಲ, ಉತ್ತರ ಕೊಡಲೂ ಇಲ್ಲ. ಗೇರ್ ಹಾಕಿ ಹೊರಟುಬಿಟ್ಟೆ. ಕೈ ನಡುಗುತ್ತಿತ್ತು. ಚಳಿಗಲ್ಲ.

ಆಫೀಸಿನಲ್ಲಿ ಇಡೀ ದಿನ ಆ ಮಾತೇ. "ಮಗುವಿಗೆ ಹೊಗೆ ಸಿಗುತ್ತೆ." ಬೇರೆ ಏನು ಹೇಳಿದ್ದರೂ ತಡೆದುಕೊಳ್ಳುತ್ತಿದ್ದೆ. ಕಾನೂನು ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಜರ್ಮನಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಸುಮ್ಮನೆ ಎಂಜಿನ್ ಓಡಿಸುವಂತಿಲ್ಲ, ಸಿಕ್ಕಿಬಿದ್ದರೆ 80 ಯೂರೋ ದಂಡ. ಅದು ನನಗೂ ಗೊತ್ತು. ಆದರೆ ಮಗುವಿನ ಹೆಸರಲ್ಲಿ ಹೇಳಿದರಲ್ಲ, ಅದು ಚುಚ್ಚಿತು. ಮಗುವಿಗಾಗಿಯೇ ಅಲ್ವಾ ನಾನು ಅಲ್ಲಿ ಕೂತಿದ್ದು? ಇಲ್ಲಿ ಮಕ್ಕಳ ಸೀಟಿನಲ್ಲಿ ದಪ್ಪ ಜಾಕೆಟ್ ಹಾಕಿ ಕೂರಿಸಬೇಡಿ ಅನ್ನುತ್ತಾರೆ. ಜಾಕೆಟ್ ಮೇಲೆ ಬಿಗಿದ ಬೆಲ್ಟ್ ಮೈಗೆ ಅಂಟುವುದಿಲ್ಲ, ಡಿಕ್ಕಿಯಾದರೆ ಮಗು ಜಾರುತ್ತೆ. ಹಾಗಾಗಿ ಜಾಕೆಟ್ ಬಿಚ್ಚಿಸಿ ಕೂರಿಸಬೇಕು. ಜಾಕೆಟ್ ಬಿಚ್ಚಿಸಿದ ಮೇಲೆ ಕಾರು ಬೆಚ್ಚಗಿರಬೇಡವಾ?

ಎಂಜಿನ್ ಕಾಯಿಸಿಯೇ ಹೊರಡಬೇಕು ಅನ್ನುವುದು ನಾನು ಅಪ್ಪನಿಂದ ಕಲಿತದ್ದು. ಮೂಡಿಗೆರೆ ಕಡೆ ಡಿಸೆಂಬರ್ ಬೆಳಗು ಅಂದರೆ ಅಂಗಳದ ತುಂಬ ಮಂಜು. ಅಪ್ಪನ ಹಳೇ ಡೀಸೆಲ್ ಜೀಪು ಯಾವಾಗಲೂ ಇಳಿಜಾರಿನಲ್ಲೇ ನಿಂತಿರುತ್ತಿತ್ತು, ಬ್ಯಾಟರಿ ಕೈಕೊಟ್ಟರೆ ತಳ್ಳಲು ಸುಲಭ ಅಂತ. ಅದರಲ್ಲೂ ಒಂದು "ಹೀಟರ್" ಇತ್ತು, ಆದರೆ ಕೂತವರಿಗಲ್ಲ, ಎಂಜಿನ್ನಿಗೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ತಣ್ಣಗಿದ್ದಾಗ ಹೊತ್ತಿಕೊಳ್ಳಲು ಹೀಟರ್ ಪ್ಲಗ್‌ನ ಸಹಾಯ ಬೇಕು. ಅಪ್ಪ ಹೀಟರ್ ಕೊಟ್ಟು, ಹತ್ತರವರೆಗೆ ಎಣಿಸಿ, ಆಮೇಲೆ ಸೆಲ್ಫ್ ಹೊಡೆಯುತ್ತಿದ್ದರು. ಬುಸ್ಸಂತ ಹೊಗೆ. ನಾವು ಹಿಂದೆ ಹತ್ತಿ ಕೂತು "ಹೋಗೋಣ" ಅಂದರೆ ಒಂದೇ ಉತ್ತರ: "ಕಾಯಲಿ ಬಿಡು."

ಎಂಜಿನ್ ಕಾಯಲಿ ಅನ್ನುತ್ತಿದ್ದರೋ, ನಮ್ಮನ್ನು ಕಾಯಿರಿ ಅನ್ನುತ್ತಿದ್ದರೋ, ನನಗೆ ಆಗ ಗೊತ್ತಾಗುತ್ತಿರಲಿಲ್ಲ. ಎರಡಕ್ಕೂ ಒಂದೇ ಮಾತು. ಹಂಡೆಯ ನೀರು ಕಾಯುವುದು, ಬಸ್ಸಿಗೆ ಕಾಯುವುದು. ಬಿಸಿಯಾಗುವುದು ಅಂದರೆ ಕಾಯುವುದೇ ಅಂತ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಆ ನಂಬಿಕೆಯನ್ನು ಮೈನಸ್ 9ರವರೆಗೂ ತಂದಿದ್ದೆ.

ಸಂಜೆ ನಮ್ಮವರಿಗೆ ಹೇಳಿದೆ. "ಅವರು ಎಲ್ಲರಿಗೂ ಹಾಗೇ ಮಾತಾಡ್ತಾರೆ, ಬಿಡು" ಅಂದರು. ನನಗೆ ಬಿಡಲು ಆಗಲಿಲ್ಲ. ಕೂತು ಓದಿದೆ. ಓದಿದಷ್ಟೂ ಆ ಹಿರಿಯರ ಮಾತು ಸರಿ ಅನ್ನಿಸುತ್ತಾ ಬಂತು, ಅದು ಇನ್ನೂ ಸಂಕಟ.

ಕಾರಿನ ಹೀಟರ್‌ಗೆ ಸ್ವಂತ ಬೆಂಕಿ ಇಲ್ಲ. ಎಂಜಿನ್ ಸುತ್ತ ಹರಿದು ಬಿಸಿಯಾದ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್‌ಗೆ ಬರಬೇಕು, ಅದರ ಮೇಲಿಂದ ಫ್ಯಾನ್ ಗಾಳಿ ಊದಬೇಕು. ಅಂದರೆ ಎಂಜಿನ್ ಬಳಸಲಾಗದೆ ಬಿಟ್ಟ ಬಿಸಿಯೇ ನಮ್ಮ ಪಾಲು. ಡೀಸೆಲ್ ಎಂಜಿನ್ ಬಿಡುವುದೇ ಕಡಿಮೆ. ಅದರಲ್ಲೂ ನಿಂತಲ್ಲೇ ಓಡುವಾಗ ಅದು ಸುಡುವ ಡೀಸೆಲ್ ತೀರ ಸ್ವಲ್ಪ. ಪೆಟ್ರೋಲ್ ಎಂಜಿನ್ ಆಗ ಗಾಳಿಯನ್ನೂ ತಡೆಯುತ್ತದೆ, ಡೀಸೆಲ್ ಹೆಚ್ಚಾಗಿ ತಡೆಯುವುದಿಲ್ಲ. ಹೊರಗಿನ ತಣ್ಣನೆ ಗಾಳಿ ದಂಡಿಯಾಗಿ ಒಳಗೆ ಬಂದು, ಹುಟ್ಟಿದ ಅಷ್ಟಿಷ್ಟು ಬಿಸಿಯನ್ನೂ ಹೊತ್ತುಕೊಂಡು ಹಿಂದಿನ ಕೊಳವೆಯಿಂದ ಹೊರಗೆ ಹೋಗುತ್ತದೆ. ಮೇಲೆ ನಾನು ಫ್ಯಾನ್ ಪೂರ್ತಿ ಹಾಕಿ ಕೂಲಂಟನ್ನೂ ತಣಿಸುತ್ತಿದ್ದೆ. ಹತ್ತು ನಿಮಿಷ ಕಾದರೂ ಎಂಜಿನ್ ಬಿಸಿ ತೋರಿಸುವ ಮುಳ್ಳು ಅಲ್ಲಾಡದೆ ಇದ್ದದ್ದು ಅದಕ್ಕೇ. ಹೊರಟು, ಮೆಲ್ಲಗೆ ಓಡಿಸಿದರೆ ಬೇಗ ಕಾಯುತ್ತದೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಾವಿರುವ ಊರೇ. ಔಗ್ಸ್‌ಬುರ್ಗ್. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಕಟ್ಟಿದ್ದು ಇಲ್ಲಿಯ ಕಾರ್ಖಾನೆಯಲ್ಲಿ. ಅವನು ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. 1870ರಲ್ಲಿ ಫ್ರಾನ್ಸ್‌ಗೂ ಪ್ರಷ್ಯಾಗೂ ಯುದ್ಧ ಬಂದಾಗ ಜರ್ಮನ್ ಮನೆಗಳು ಅಲ್ಲಿ ಉಳಿಯುವಂತಿರಲಿಲ್ಲ. ಕುಟುಂಬ ಲಂಡನ್‌ಗೆ ಹೋಯಿತು. ಹನ್ನೆರಡರ ಹುಡುಗನನ್ನು ಔಗ್ಸ್‌ಬುರ್ಗ್‌ನ ಬಂಧುಗಳ ಮನೆಗೆ ಕಳಿಸಿದರು. ಅಪ್ಪ ಅಮ್ಮನನ್ನು ಬಿಟ್ಟು ಬಂದ ಆ ಹುಡುಗನ ಮೊದಲ ಚಳಿಗಾಲ ಹೇಗಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ದೊಡ್ಡವನಾದ ಮೇಲೆ ಅವನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ: ಬಿಸಿ ಪೋಲಾಗಬಾರದು. ಆಗಿನ ಬಹುಪಾಲು ಉಗಿಯಂತ್ರಗಳು ಸುಟ್ಟ ಕಲ್ಲಿದ್ದಲಿನ ಸಣ್ಣ ಪಾಲನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತಿದ್ದವು, ಉಳಿದದ್ದೆಲ್ಲ ಗಾಳಿಗೆ. 1897ರ ಫೆಬ್ರವರಿಯಲ್ಲಿ ಇಲ್ಲಿ ಪರೀಕ್ಷೆ ಮಾಡಿದಾಗ ಅವನ ಎಂಜಿನ್ ಇಂಧನದ ಬಿಸಿಯಲ್ಲಿ ಶೇಕಡಾ 26.2 ಪಾಲನ್ನು ಕೆಲಸಕ್ಕೆ ತಿರುಗಿಸಿತು. ಅದು ದೊಡ್ಡ ಗೆಲುವು.

ಊರಿನ ವಿಟೆಲ್ಸ್‌ಬಾಖರ್ ಪಾರ್ಕಿನಲ್ಲಿ ಅವನ ನೆನಪಿಗೆ ಕಲ್ಲುಗಳ ಒಂದು ತೋಪಿದೆ. ಜಪಾನಿನ ಡೀಸೆಲ್ ಎಂಜಿನ್ ಕಂಪನಿ ಯಾನ್ಮಾರ್ ಕಟ್ಟಿದ ಮಾಗೋಕಿಚಿ ಯಾಮಾಓಕಾ 1957ರಲ್ಲಿ ಕೊಟ್ಟದ್ದು. ಬೇಸಿಗೆಯಲ್ಲಿ ಮಗಳು ಆ ಕಲ್ಲುಗಳ ನಡುವೆ ಓಡಾಡುತ್ತಾಳೆ. ನನ್ನ ಮಗಳ ಕಾಲು ತಣ್ಣಗಿರುವುದಕ್ಕೂ ಆ ಮನುಷ್ಯನ ಗೆಲುವಿಗೂ ನೇರ ಸಂಬಂಧ ಇದೆ ಅಂತ ಮಂಗಳವಾರ ರಾತ್ರಿ ಮೊದಲ ಸಲ ಹೊಳೆಯಿತು. ಎಂಜಿನ್ ಪೋಲು ಮಾಡದೆ ಉಳಿಸಿದ ಬಿಸಿಯನ್ನೇ ನಾನು ಅದರಿಂದ ಕೇಳುತ್ತಿದ್ದೆ. ಅದಕ್ಕೇ ಈ ಕಡೆ ಎಷ್ಟೋ ಡೀಸೆಲ್ ಕಾರುಗಳಿಗೆ ಬೇರೆ ಕರೆಂಟ್ ಹೀಟರ್ ಕೂರಿಸಿರುತ್ತಾರೆ. ಕೆಲವರು ಇಂಧನ ಸುಟ್ಟು ಕೂಲಂಟ್ ಕಾಯಿಸುವ ಸಣ್ಣ ಒಲೆಯನ್ನೇ ಹಾಕಿಸಿಕೊಳ್ಳುತ್ತಾರೆ. ಅದಕ್ಕೆ ಹೆಸರಾದ ವೆಬಾಸ್ಟೋ ಕಂಪನಿ ಇರುವುದು ಮ್ಯೂನಿಕ್ ಪಕ್ಕದ ಸ್ಟಾಕ್‌ಡಾರ್ಫ್‌ನಲ್ಲಿ. ನಮ್ಮ ಹಳೇ ಗಾಡಿಯಲ್ಲಿ ಎರಡೂ ಇಲ್ಲ.

ಬುಧವಾರ ಅಪ್ಪನಿಗೆ ಫೋನ್ ಮಾಡಿದೆ. ಹಿರಿಯರ ಮಾತು ಹೇಳಿದೆ. ಅಪ್ಪ ಅವರ ಮೇಲೆ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ.

"ಪುಟ್ಟಿ, ಓಡಿಸ್ತಾ ಇರುವಾಗ ಮುಳ್ಳು ಎಲ್ಲಿಗೆ ಬಂದು ನಿಲ್ಲುತ್ತೆ?"

"ನೋಡಿಲ್ಲ ಅಪ್ಪಾ. ಡೀಸೆಲ್ ಅಲ್ವಾ, ನಿಧಾನ."

"ನಿಧಾನ ಅನ್ನೋದು ಬೇರೆ, ಕಾಯೋದೇ ಇಲ್ಲ ಅನ್ನೋದು ಬೇರೆ. ನಿಂತಾಗ ಅಲ್ಲ, ಓಡುವಾಗ ನೋಡು."

ಗುರುವಾರ ಸಂಜೆ ಮಗಳನ್ನು ನಮ್ಮವರ ಹತ್ತಿರ ಬಿಟ್ಟು ಬಿ17 ರಸ್ತೆಯಲ್ಲಿ ಲಾಂಡ್ಸ್‌ಬರ್ಗ್ ಕಡೆಗೆ ಹೊರಟೆ. ಇಪ್ಪತ್ತು ಕಿಲೋಮೀಟರ್ ಹೋದರೂ ಮುಳ್ಳು 70ರಲ್ಲೇ. ಇಳಿಜಾರಿನಲ್ಲಿ ಇನ್ನೂ ಕೆಳಗೆ. ಬರಬೇಕಾದದ್ದು 90ಕ್ಕೆ. ರಸ್ತೆ ಬದಿಯಲ್ಲಿ ನಿಲ್ಲಿಸಲು ಜಾಗ ಸಿಕ್ಕ ಕೂಡಲೇ ಫೋನ್ ಮಾಡಿದೆ. ಊರಲ್ಲಿ ಆಗ ರಾತ್ರಿ ಹನ್ನೊಂದು ದಾಟಿತ್ತು. ಅಪ್ಪ ಎದ್ದೇ ಇದ್ದರು.

"ಥರ್ಮೋಸ್ಟಾಟ್ ವಾಲ್ವ್" ಅಂದರು. "ತೆರೆದುಕೊಂಡು ಕೂತಿದೆ."

ಎಂಜಿನ್ ಕಾಯುವವರೆಗೂ ಈ ವಾಲ್ವ್ ಮುಚ್ಚಿರಬೇಕು. ಕೂಲಂಟ್ ಎಂಜಿನ್ ಮತ್ತು ಹೀಟರ್ ನಡುವೆಯೇ ಸುತ್ತಬೇಕು. ಪೂರ್ತಿ ಕಾದ ಮೇಲೆ ಮಾತ್ರ ತೆರೆದು ಮುಂದಿನ ದೊಡ್ಡ ರೇಡಿಯೇಟರ್‌ಗೆ ಬಿಡಬೇಕು. ನಮ್ಮದು ಮುಚ್ಚುತ್ತಲೇ ಇರಲಿಲ್ಲ. ಮೈನಸ್ ಚಳಿಯಲ್ಲಿ ಎಂಜಿನ್ನಿಗೆ ಸದಾ ತಣ್ಣೀರ ಸ್ನಾನ.

"ಹೇಗೆ ಗೊತ್ತಾಯ್ತು ಅಪ್ಪಾ?"

"ನಮ್ಮ ಜೀಪಲ್ಲಿ ನಾನೇ ಅದನ್ನ ಕಿತ್ತು ಹಾಕಿಸಿದ್ದೆ ಕಣೇ. ಘಾಟಿ ಹತ್ತುವಾಗ ಬಿಸಿ ಜಾಸ್ತಿ ಆಗುತ್ತೆ ಅಂತ ಮೇಸ್ತ್ರಿ ಹೇಳಿದ. ಆಮೇಲಿಂದ ಬೆಳಗ್ಗೆ ಅದು ಕಾಯ್ತಾನೇ ಇರಲಿಲ್ಲ. ಅದಕ್ಕೇ ಅಷ್ಟು ಹೊತ್ತು ನಿಲ್ಲಿಸ್ತಿದ್ದೆ."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಪದ್ಧತಿ ಅಂದುಕೊಂಡು ಇಲ್ಲಿಯವರೆಗೆ ತಂದದ್ದು ಒಂದು ಜೀಪಿನ ತೊಂದರೆ ಅಷ್ಟೇ. ಎಷ್ಟು ಬೆಳಗುಗಳು ಆ ಹೊಗೆಯಲ್ಲಿ ನಾವು ಕಾದಿದ್ದೆವು. ಅಪ್ಪನ ಮೇಲೆ ಬೇಸರ ಬರಲಿಲ್ಲ. ಗೊತ್ತಿದ್ದಷ್ಟರಲ್ಲಿ ಅವರು ನಮ್ಮನ್ನು ಕ್ಷೇಮವಾಗಿ ಶಾಲೆಗೆ ಮುಟ್ಟಿಸಿದ್ದಾರೆ. ಇವತ್ತು ಏಳು ಸಾವಿರ ಕಿಲೋಮೀಟರ್‌ಗೂ ಆಚೆಯಿಂದ, ಗಾಡಿ ಕಣ್ಣಲ್ಲಿ ನೋಡದೆ, ಒಂದೇ ಪ್ರಶ್ನೆ ಕೇಳಿ ಹಿಡಿದರು. ಇಲ್ಲಿ ಅಕ್ಟೋಬರ್‌ನಲ್ಲಿ ಸರ್ವಿಸ್ ಮಾಡಿದ ಗ್ಯಾರೇಜಿನವರಿಗೂ ಇದೇ ಹೇಳಿದ್ದೆ, "ಬಿಸಿ ಬರಲ್ಲ" ಅಂತ. "ಡೀಸೆಲ್ ಅಲ್ವಾ" ಅಂದು ಬಿಲ್ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿದೆ. ಎದುರು ಮನೆಯವರ ಮೇಲಿನದ್ದಕ್ಕಿಂತ ಜಾಸ್ತಿ.

ಎದುರು ಮನೆಯವರ ಮಾತು ಸರಿ, ಒಪ್ಪಿದ್ದೇನೆ. ಅದನ್ನು ಹೇಳಿದ ರೀತಿಯನ್ನು ಈಗಲೂ ಒಪ್ಪಲಾರೆ. ಚಳಿಯಲ್ಲಿ ಅಳುತ್ತಿದ್ದ ಮಗು ಅವರಿಗೆ ಕಾಣುತ್ತಿತ್ತು. "ಏನಾಯ್ತು?" ಅಂತ ಕೇಳಲು ಎಷ್ಟು ಹೊತ್ತು ಬೇಕು?

ಶುಕ್ರವಾರ ಬೇರೆ ಗ್ಯಾರೇಜಿನಲ್ಲಿ ವಾಲ್ವ್ ಬದಲಾಯಿಸಿದರು. ಹಳೆಯದನ್ನು ಕೇಳಿ ತೆಗೆದುಕೊಂಡೆ. ಬಾಯಿ ತೆರೆದೇ ಇತ್ತು.

ಶನಿವಾರ ಬೆಳಗ್ಗೆ ಮೈನಸ್ 6. ಗಾಜು ಕೆರೆದು, ಮಗಳನ್ನು ಕೂರಿಸಿ, ಬೆಲ್ಟ್ ಬಿಗಿದ ಮೇಲೆ ಕಂಬಳಿ ಹೊದಿಸಿ, ಸ್ಟಾರ್ಟ್ ಮಾಡಿ ಹೊರಟೆ. ನಿಲ್ಲಲಿಲ್ಲ. ಫ್ಯಾನ್ ಸಣ್ಣಗೆ. ಹಿರಿಯರು ತಮ್ಮ ಗಾಜು ಕೆರೆಯುತ್ತಿದ್ದರು, ತಲೆ ಎತ್ತಿ ನೋಡಿದರು. ನಾನು ಕೈ ಎತ್ತಿದೆ. ಅವರೂ ಪಟ್ಟಿ ಹಿಡಿದ ಕೈಯನ್ನೇ ಒಂದಿಷ್ಟು ಎತ್ತಿದರು. ಆರನೇ ಕಿಲೋಮೀಟರ್ ಹೊತ್ತಿಗೆ ಗಾಳಿ ಬೆಚ್ಚಗಾಯಿತು, ಆಮೇಲೆ ಸ್ವಲ್ಪ ಹೊತ್ತಿಗೆ ಮುಳ್ಳು 90ಕ್ಕೆ ಬಂದು ನಿಂತಿತು. ಈಜುಕೊಳದ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸುವ ಮೊದಲು ಅದರ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ.

ತಕ್ಷಣ ಉತ್ತರ ಬಂತು. "ಅವಳ ಕಾಲು ಮುಟ್ಟಿ ನೋಡು."

ಹಿಂದೆ ತಿರುಗಿ, ಕಂಬಳಿಯೊಳಗೆ ಕೈ ಹಾಕಿ ಮುಟ್ಟಿದೆ.