ರ‍್ಯಾಂಪ್ ಇರೋದು ಸ್ಕೂಟರ್‌ಗೆ ಅಲ್ವಾ?

ನಾನು ಕೆಲಸ ಮಾಡುವ ಗೋದಾಮಿನ ಮುಂದೆ ಹೊಸದಾಗಿ ಹಾಕಿದ್ದ ಕಾಂಕ್ರೀಟ್ ರ‍್ಯಾಂಪನ್ನು ಮೊನ್ನೆ ಒಡೆದು ಹಾಕಿದರು. ಬಿರುಕು ಬಿಟ್ಟಿರಲಿಲ್ಲ, ಸಿಮೆಂಟಿನಲ್ಲಿ ಮೋಸವೂ ಆಗಿರಲಿಲ್ಲ. ಇಳಿಜಾರು ಸ್ವಲ್ಪ ಜಾಸ್ತಿಯಾಗಿತ್ತು, ಅಷ್ಟೇ. ಇಲ್ಲಿ ಅಮೆರಿಕದಲ್ಲಿ ಗಾಲಿಕುರ್ಚಿಯ ದಾರಿ ಒಂದು ಅಂಗುಲ ಏರಬೇಕಾದರೆ ಕನಿಷ್ಠ 12 ಅಂಗುಲ ಉದ್ದ ಬೇಕು. ನೆಲದಿಂದ ಎರಡಡಿ ಮೇಲಿರುವ ಬಾಗಿಲಿಗೆ 24 ಅಡಿ ರ‍್ಯಾಂಪ್, ಎರಡೂ ಕಡೆ ಹಿಡಿಕಂಬಿ. ತಪಾಸಣೆಗೆ ಬಂದವರು ಡಿಜಿಟಲ್ ರಸಮಟ್ಟ ಇಟ್ಟು ನೋಡಿ ತಲೆ ಅಲ್ಲಾಡಿಸಿದರು. ಮಾರನೇ ದಿನವೇ ಡ್ರಿಲ್ಲಿಂಗ್ ಶುರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿಕೊಂಡು ನಕ್ಕೆ. ಮಗಳು ಕೇಳಿದಳು: "ಅಪ್ಪಾ, ಊರಲ್ಲೂ ಎಲ್ಲರ ಮನೆ ಮುಂದೆ ರ‍್ಯಾಂಪ್ ಇದೆಯಲ್ಲ. ಸ್ಕೂಟರ್ ಹತ್ತಿಸೋಕೆ."

ಅವಳು ಮೆಚ್ಚಿಕೊಂಡೇ ಹೇಳಿದ್ದು. ನಿಜವೇ ತಾನೇ? ಗೇಟಿನ ಪಕ್ಕ ಕಡಿದಾಗಿ ಒಂದು ಸಿಮೆಂಟ್ ಪಟ್ಟಿ, ಗಾಡಿ ಜಾರದಿರಲಿ ಅಂತ ಅಡ್ಡ ಗೀರು ಬೇರೆ. ಗಾಡಿಗೆ ಅಷ್ಟು ಯೋಚನೆ ಮಾಡುತ್ತೇವೆ. ಅದರ ಮೇಲೆ ಗಾಲಿಕುರ್ಚಿ ಇಳಿಸಿದರೆ ನೇರ ರಸ್ತೆಗೇ ಹೋಗಿ ಬೀಳಬೇಕು.

ನನಗೆ ಅತ್ತೆ ನೆನಪಾದರು. ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಬಲಗಾಲು ಸೋತಿತ್ತು. ಟೈಪಿಸ್ಟ್ ಕೆಲಸ, ಕಚೇರಿ ಮೊದಲನೇ ಮಹಡಿಯಲ್ಲಿ. ಬಲಗೈಯಿಂದ ತೊಡೆ ಅದುಮಿಕೊಂಡು, ಎಡಗೈಯಲ್ಲಿ ಗೋಡೆ ಹಿಡಿದು ಹತ್ತುತ್ತಿದ್ದರು. ಹಿಡಿಕಂಬಿ ಇರಲಿಲ್ಲ. ಆಮೇಲೆ ಯಾವಾಗಲೋ ಕೆಳಗಿನ ನೆಲಕ್ಕೆ ಗ್ರಾನೈಟ್ ಹಾಕಿಸಿದ್ದರಿಂದ ಮೊದಲನೇ ಮೆಟ್ಟಿಲು ಗಿಡ್ಡ, ಉಳಿದವು ಎತ್ತರ. ಒಂದೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಅಳತೆ ಕಲಿತುಬಿಡುತ್ತದೆ, ಆಮೇಲೆ ನೋಡದೇ ನಡೆಯುತ್ತದೆ. ಅಳತೆ ತಪ್ಪಿದಲ್ಲಿ ಎಡವುತ್ತದೆ. ಅದಕ್ಕೇ ಇಲ್ಲಿ ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸವನ್ನೂ ಒಪ್ಪುವುದಿಲ್ಲ.

ಅತ್ತೆ ಒಂದು ಸಲ ಮೇಲೆ ಹೋದರೆ ಸಂಜೆಯೇ ಇಳಿಯುವುದು. ಶೌಚಾಲಯ ಇದ್ದದ್ದು ಕೆಳಗೆ. ಹಾಗಾಗಿ ಹಗಲಿಡೀ ನೀರು ಕುಡಿಯುತ್ತಿರಲಿಲ್ಲ. ಸಹೋದ್ಯೋಗಿಗಳು ಕಾಫಿ ತಂದುಕೊಟ್ಟರೂ ಅರ್ಧ ಲೋಟ ಅಷ್ಟೇ. "ಎಷ್ಟು ಗಟ್ಟಿಗಿತ್ತಿ" ಅಂತ ಎಲ್ಲರೂ ಹೊಗಳುತ್ತಿದ್ದರು. ಹೊಗಳುವುದಕ್ಕೆ ಖರ್ಚಿಲ್ಲ.

ಅಮೆರಿಕದವರಿಗೇನೂ ಹುಟ್ಟಿನಿಂದ ಬಂದ ಬುದ್ಧಿಯಲ್ಲ ಇದು. 1990ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ, ಅಂದರೆ ಅವರ ಸಂಸತ್ತಿನ, ಮುಂದೆ ಹಲವು ಅಂಗವಿಕಲರು ತಮ್ಮ ಹಕ್ಕಿನ ಕಾನೂನು ಬೇಕೆಂದು ಗಾಲಿಕುರ್ಚಿ, ಊರುಗೋಲು ಕೆಳಗೇ ಬಿಟ್ಟು, ತೆವಳಿಕೊಂಡು ಮೆಟ್ಟಿಲು ಹತ್ತಿದರು. ಎಂಟು ವರ್ಷದ ಹುಡುಗಿಯೊಬ್ಬಳೂ ಇದ್ದಳು. ಆ ಜುಲೈನಲ್ಲಿ ಆ ಕಾನೂನಿಗೆ ಸಹಿ ಬಿತ್ತು. ಅದು ಕೂಡ ಸ್ವಂತ ಮನೆಗಳಿಗೆ ಅನ್ವಯಿಸುವುದಿಲ್ಲ. ನಮ್ಮ ಮನೆ ಮುಂದೆಯೇ ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ.

ಭಾರತದಲ್ಲೂ 1995ರಲ್ಲೇ ಇಂಥ ಕಾನೂನು ಬಂತು, 2016ರಲ್ಲಿ ಇನ್ನೂ ದೊಡ್ಡದು ಬಂತು. ಆದರೂ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬರೀ ಸಲಹೆಯಂತಿರುವ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಸರ್ಕಾರಕ್ಕೆ ಹೇಳಬೇಕಾಯಿತು. ಸಲಹೆ ಕೊಟ್ಟರೆ ಯಾವ ಮೇಸ್ತ್ರಿ ಕೇಳುತ್ತಾನೆ?

ಭಾನುವಾರ ಅತ್ತೆಗೆ ಫೋನ್ ಮಾಡಿದಾಗ ಗೋದಾಮಿನ ರ‍್ಯಾಂಪ್ ಕಥೆ ಹೇಳಿದೆ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಕಚೇರಿಯ ಸುದ್ದಿ ಅವರಿಗೆ ಮುಟ್ಟುತ್ತಲೇ ಇರುತ್ತದೆ.

"ನಮ್ಮ ಆಫೀಸಿಗೂ ರ‍್ಯಾಂಪ್ ಮಾಡಿಸಿದ್ದಾರೆ ಕಣೋ," ಅಂದರು. "ಬಾಗಿಲ ಹತ್ತಿರ. ಸ್ಟೀಲ್ ಕಂಬಿ ಎಲ್ಲಾ ಹಾಕಿ ಚೆನ್ನಾಗೇ ಮಾಡಿದ್ದಾರಂತೆ. ಆಫೀಸು ಮಾತ್ರ ಇನ್ನೂ ಮಹಡಿ ಮೇಲೇ ಇದೆ."