ಕೇಪ್ ಕಾಡ್‌ನಲ್ಲಿ ಮರದ ಬ್ಯಾಟಿನ ಬೇಸಿಗೆ

ಸ್ಯಾಗಮೋರ್ ಸೇತುವೆ ದಾಟಿದರೆ ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಕೇಪ್ ಕಾಡ್. 1935ರ ಸೇತುವೆ ಅದು. ಬೇಸಿಗೆಯ ಶನಿವಾರ ಅದನ್ನು ದಾಟಬೇಕಾದರೆ ಕಾರುಗಳ ಸಾಲಿನಲ್ಲಿ ತಾಳ್ಮೆಯಿಂದ ಕಾಯಬೇಕು. ಬಾಸ್ಟನ್‌ನ ತಂಗಿ ಮನೆಯಿಂದ ಸಮುದ್ರ ನೋಡಲು ಹೊರಟ ನಾವೂ ಆ ಸಾಲಿನಲ್ಲಿದ್ದೆವು. ಜೂನ್ ಕೊನೆಯ ವಾರ.

"ಭಾವ, ಸಂಜೆ ಒಂದು ಬೇಸ್‌ಬಾಲ್ ಪಂದ್ಯ ನೋಡೋಣ್ವಾ? ಟಿಕೆಟ್ ಏನೂ ಇಲ್ಲ, ಸುಮ್ನೆ ಹೋಗಿ ಕೂರೋದು," ಅಂದರು ತಂಗಿಯ ಗಂಡ. ಆ ಒಂದು ಮಾತಿನಿಂದ ಜುಲೈಯಲ್ಲಿ ಮತ್ತೆ ಹೋದೆ, ಆಗಸ್ಟ್‌ನಲ್ಲೂ ಹೋದೆ.

ಕೇಪ್ ಕಾಡ್ ಅಟ್ಲಾಂಟಿಕ್‌ಗೆ ಚಾಚಿದ, ಮೊಣಕೈ ಮಡಚಿದ ತೋಳಿನ ಹಾಗಿದೆ. ಈ ತೋಳಿನ ಉದ್ದಕ್ಕೂ, ಬುಡದ ಆಚೆ ವೇರ್‌ಹ್ಯಾಮ್‌ವರೆಗೂ ಕೇಪ್ ಕಾಡ್ ಬೇಸ್‌ಬಾಲ್ ಲೀಗ್‌ನ 10 ತಂಡಗಳಿವೆ. ಎಲ್ಲವೂ ಊರಿನ ತಂಡಗಳೇ, ಆದರೆ ಆಡುವವರು ಊರಿನವರಲ್ಲ. ದೇಶದ ಬೇರೆ ಬೇರೆ ಕಡೆಯಿಂದ ಬಂದ ಕಾಲೇಜು ಹುಡುಗರು. ಆಟಕ್ಕೆ ಸಂಬಳವಿಲ್ಲ. ಜೂನ್ ನಡುವಿನಿಂದ ಆಗಸ್ಟ್ ಮೊದಲ ವಾರದವರೆಗೆ 40ರಷ್ಟು ಪಂದ್ಯ, ಹೆಚ್ಚುಕಡಿಮೆ ದಿನಕ್ಕೊಂದು. ಇಲ್ಲಿನವರು ತಮ್ಮ ಆಟದ ಲೆಕ್ಕವನ್ನು 1885ರಿಂದ ಹಿಡಿಯುತ್ತಾರೆ.

ಮೊದಲು ನೋಡಿದ್ದು ಕೊಟುಯಿಟ್‌ನ ಲೋವೆಲ್ ಪಾರ್ಕ್. ಸುತ್ತ ಮರಗಳು, ಮಧ್ಯದಲ್ಲಿ ಹಸಿರು ಮೈದಾನ. ರಾತ್ರಿ ಆಡಲು ದೀಪಗಳಿಲ್ಲ. ಹಾಗಾಗಿ ಸಂಜೆ ಬೇಗ ಶುರುಮಾಡಿ ಕತ್ತಲಾಗುವ ಮುಂಚೆ ಮುಗಿಸಬೇಕು. ತಂಡದ ಹೆಸರು ಕೆಟ್ಲಿಯರ್ಸ್. ಒಂದು ಹಿತ್ತಾಳೆ ಕೆಟಲ್ ಮತ್ತು ಒಂದು ಗುದ್ದಲಿ ಕೊಟ್ಟು ಈ ನೆಲ ಕೊಂಡರು ಅನ್ನೋ ಕಥೆ ಊರಲ್ಲಿದೆ. ಹೆಸರು ಅದರಿಂದ ಬಂದದ್ದು.

ಹಲಗೆ ಬೆಂಚಿನ ಮೇಲೆ ಕೂತಾಗ ಮೊದಲು ಕಿವಿಗೆ ಬಿದ್ದದ್ದು ಬ್ಯಾಟಿನ ಸದ್ದು. ಒಣ ಕಟ್ಟಿಗೆ ಒಡೆದ ಹಾಗೆ, ಗಟ್ಟಿ ಸದ್ದು. ಅಮೆರಿಕದ ಕಾಲೇಜುಗಳಲ್ಲಿ ಲೋಹದ ಬ್ಯಾಟು ಬಳಸುತ್ತಾರೆ. ಅದರಲ್ಲಿ ಚೆಂಡು ಸ್ವಲ್ಪ ಆಚೀಚೆ ಬಿದ್ದರೂ ದೂರ ಹೋಗುತ್ತದೆ. ಇಲ್ಲಿ 1985ರಿಂದ ಮರದ ಬ್ಯಾಟೇ ಕಡ್ಡಾಯ. ಮರದಲ್ಲಿ ಸರಿಯಾದ ಜಾಗ ನಾಲ್ಕು ಬೆರಳಿನಷ್ಟು ಮಾತ್ರ. ಚೆಂಡು ಹಿಡಿಕೆಯ ಹತ್ತಿರ ತಗುಲಿದರೆ ಕೈ ಜುಮ್ಮೆನ್ನುತ್ತದೆ, ಎಷ್ಟೋ ಸಲ ಬ್ಯಾಟೇ ಸೀಳಿಹೋಗುತ್ತದೆ. ಕಾಲೇಜಿನಲ್ಲಿ ಹೀರೋ ಆಗಿದ್ದ ಹುಡುಗ ಇಲ್ಲಿ ಬಂದು ಮೊದಲ ಎರಡು ವಾರ ಒದ್ದಾಡುವುದು ಇದರಿಂದಲೇ. ವೃತ್ತಿಪರರು ಆಡುವ ದೊಡ್ಡ ಲೀಗ್‌ನಲ್ಲೂ ಮರದ ಬ್ಯಾಟೇ. ಆದ್ದರಿಂದ ಬಲೆಯ ಹಿಂದೆ ಚೆಂಡಿನ ವೇಗ ಅಳೆಯುತ್ತಾ ಕೂರುವ, ದೊಡ್ಡ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳಿಗೆ ಈ ಪಂದ್ಯಗಳು ತುಂಬಾ ಮುಖ್ಯ.

ನನ್ನ ಪಕ್ಕ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಮಡಚುವ ಕುರ್ಚಿ, ಮಡಿಲಲ್ಲಿ ಸ್ಕೋರ್ ಬರೆಯುವ ಪುಸ್ತಕ. "ಆ ಮೂರನೇ ಬೇಸ್‌ನಲ್ಲಿ ನಿಂತಿದ್ದಾನಲ್ಲ, ಅವನು ನಮ್ಮನೆ ಹುಡುಗ," ಅಂದರು. ಟೆಕ್ಸಾಸ್‌ನವನಂತೆ. ಇಲ್ಲಿ ಆಟಗಾರರಿಗೆ ಹೋಟೆಲ್ ಇಲ್ಲ, ಊರಿನ ಕುಟುಂಬಗಳೇ ಎರಡು ತಿಂಗಳು ಮನೆಯಲ್ಲಿ ಇಟ್ಟುಕೊಳ್ಳುತ್ತವೆ. ಅವತ್ತು ಅವನು ಮೂರು ಸಲ ಸ್ಟ್ರೈಕ್‌ಔಟ್ ಆದ, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟ್. ಅವರು ಪ್ರತಿ ಸಲವೂ ಪುಸ್ತಕದಲ್ಲಿ ಗುರುತು ಹಾಕಿಕೊಂಡರು, ಏನೂ ಅನ್ನಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಪ್ಯಾಂಟಿನ ಮೊಣಕಾಲಿನ ಮಣ್ಣು ಎಷ್ಟು ತಿಕ್ಕಿದರೂ ಹೋಗಲ್ಲ," ಅಂದರು. ಆ ಮಾತಿನಲ್ಲಿ ಪ್ರೀತಿ ಇತ್ತು.

ಜುಲೈಯಲ್ಲಿ ಚ್ಯಾಟಮ್‌ಗೆ ಹೋದೆ. ತೋಳಿನ ಮೊಣಕೈ ಜಾಗ ಅದು. 1967ರಲ್ಲಿ ಥರ್ಮನ್ ಮನ್ಸನ್ ಅನ್ನೋ ಹುಡುಗ ಚ್ಯಾಟಮ್ ತಂಡಕ್ಕೆ ಆಡಿ .420 ಸರಾಸರಿ ಹೊಡೆದ, ಅಂದರೆ ನೂರು ಅವಕಾಶಕ್ಕೆ 42 ಹಿಟ್ ಲೆಕ್ಕ. ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿಗೆ ಕೊಡುವ ಬಹುಮಾನಕ್ಕೆ ಇವತ್ತಿಗೂ ಅವನದೇ ಹೆಸರು. ಒಂಬತ್ತು ಇನ್ನಿಂಗ್ಸ್‌ನ ಆಟದ ನಾಲ್ಕನೆಯದರಲ್ಲಿ ಸಮುದ್ರದ ಕಡೆಯಿಂದ ಮಂಜು ಬಂತು. ಮೊದಲು ದೂರದ ಮರಗಳು ಹೋದವು, ಆಮೇಲೆ ಬೇಲಿ, ಆಮೇಲೆ ಹಿಂದೆ ನಿಂತಿದ್ದ ಮೂವರು ಆಟಗಾರರು. ಎತ್ತರಕ್ಕೆ ಹೋದ ಚೆಂಡು ಎಲ್ಲಿ ಇಳಿಯುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಅಂಪೈರ್ ಆಟ ನಿಲ್ಲಿಸಿದರು. ಒಬ್ಬರೂ ಎದ್ದು ಹೋಗಲಿಲ್ಲ. ಕಂಬಳಿ ಹೊದ್ದು ಕಾದೆವು, ಮಕ್ಕಳು ಬೇಲಿ ಪಕ್ಕದಲ್ಲಿ ತಮ್ಮದೇ ಆಟ ಹೂಡಿದರು. ಮುಕ್ಕಾಲು ಗಂಟೆ ಆದರೂ ಮಂಜು ಕರಗಲಿಲ್ಲ, ಪಂದ್ಯ ಅಲ್ಲಿಗೇ ನಿಂತಿತು. ನನಗಂತೂ ಆ ಸಂಜೆ ಯಾವ ಗೆಲುವಿಗಿಂತಲೂ ಚೆನ್ನಾಗಿತ್ತು.

ಮರುದಿನ ಬ್ರೂಸ್ಟರ್. 2022ರಲ್ಲಿ ದೊಡ್ಡ ಲೀಗ್‌ನ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ 62 ಹೋಮ್‌ರನ್ ಹೊಡೆದ ಆರನ್ ಜಡ್ಜ್, 2012ರ ಬೇಸಿಗೆಯಲ್ಲಿ ಇದೇ ಊರಿನ ತಂಡಕ್ಕೆ ಆಡಿದವನು.

ಜುಲೈ ಮುಗಿಯುವಾಗ ತಂಡಗಳ ರೂಪವೇ ಬದಲಾಗಿತ್ತು. ದೊಡ್ಡ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್ ನಡೆದು ಕೆಲವರು ಸಹಿ ಹಾಕಿ ಹೊರಟಿದ್ದರು. ಕಾಲೇಜಿನಲ್ಲಿ ಜಾಸ್ತಿ ಎಸೆದು ತೋಳು ದಣಿದಿದ್ದ ಪಿಚರ್‌ಗಳೂ ಮನೆಗೆ ಹೋಗಿದ್ದರು. ನನಗೆ ಇದು ಈ ಲೀಗಿನ ಕಷ್ಟದ ಭಾಗ ಅನ್ನಿಸಿತು. ಊರಿನವರು ಒಬ್ಬ ಹುಡುಗನನ್ನು ಹಚ್ಚಿಕೊಳ್ಳುವಷ್ಟರಲ್ಲಿ ಅವನ ಕೋಣೆ ಖಾಲಿ.

ಆಗಸ್ಟ್‌ನಲ್ಲಿ ಮತ್ತೆ ಕೊಟುಯಿಟ್. ಅದೇ ಮಡಚುವ ಕುರ್ಚಿ, ಅದೇ ಪುಸ್ತಕ. ಅವರ ಹುಡುಗ ಇನ್ನೂ ಇದ್ದ. ಆ ಸಂಜೆ ಸೋತರೆ ತಂಡದ ಸೀಸನ್ ಮುಗಿದಂತೆ. ಎಂಟನೇ ಇನ್ನಿಂಗ್ಸ್‌ಗೆ ಬೆಳಕು ಕಡಿಮೆಯಾಗುತ್ತಿತ್ತು, ಅಂಪೈರ್ ಆಗಾಗ ಆಕಾಶ ನೋಡುತ್ತಿದ್ದರು. ಹುಡುಗ ಬ್ಯಾಟಿಗೆ ಬಂದ. ಎರಡನೇ ಎಸೆತಕ್ಕೆ ಆ ಸದ್ದು ಬಂತು, ಒಣ ಕಟ್ಟಿಗೆ ಒಡೆದ ಸದ್ದು. ಚೆಂಡು ಎರಡನೇ ಬೇಸ್ ಮೇಲಿಂದ ನೇರ ಹಿಂದಕ್ಕೆ ಹೋಯಿತು. ಅವರು ಪೆನ್ಸಿಲ್ ಹಿಡಿದ ಕೈ ಬಾಯಿಗೆ ಒತ್ತಿಕೊಂಡರು.

ಪಂದ್ಯ ಸೋತರು. ಹುಡುಗ ಕೊಳೆ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದ. "ಇವತ್ತೇ ಒಗೆದು ಒಣಗಿಸಿಬಿಡ್ತೀನಿ, ನೀನು ಬೆಳಿಗ್ಗೆ ಬೇಗ ಹೊರಡಬೇಕು," ಅಂದರು ಅವರು. ಅವನು ಅವರ ಕುರ್ಚಿ ಮಡಚಿ ಕೈಗೆತ್ತಿಕೊಂಡ. ಇಬ್ಬರೂ ಮರಗಳ ನಡುವಿನ ದಾರಿಯಲ್ಲಿ ಕಾರಿನ ಕಡೆ ನಡೆದರು.