ಗೀಜಿಗಿಂತ ಮೊದಲು ರೆಪ್ಪೆ ನೋಡಿ

ಜುಲೈ 14, 2025, ಸೋಮವಾರ

ಆಷಾಢದ ಜಡಿಮಳೆ. ಬೆಕ್ಕುಗಳೆಲ್ಲ ಒಳಗೇ ಮುದುರಿ ಮಲಗುವ ದಿನಗಳು. ಒಂದರ ಕಣ್ಣಿಗೆ ಗೀಜು ಬಂದರೆ ಇನ್ನೊಂದಕ್ಕೂ ಹತ್ತುವ ಕಾಲವಿದು.

ಬೆಳಗ್ಗೆ ಮೂಗಿನ ಕಡೆಯ ಕಣ್ಣಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಂದು ಹಕ್ಕಳೆ ಕಂಡರೆ ಗಾಬರಿ ಬೇಡ. ಬೆಕ್ಕಿನ ಕಣ್ಣೀರು ಒಣಗಿದರೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ, ರಕ್ತವೆಂದು ಹೆದರುವವರುಂಟು. ಪರ್ಷಿಯನ್ ಬೆಕ್ಕಿನ ಚಪ್ಪಟೆ ಮುಖದಲ್ಲಿ ಕಣ್ಣೀರಿನ ನಾಳ ಸೊಟ್ಟಗಿರುವುದರಿಂದ ನೀರು ಕೆನ್ನೆಯ ಮೇಲೇ ಇಳಿಯುತ್ತದೆ. ದಿನಾ ಒರೆಸುವುದೇ ಗತಿ.

ಹಳದಿ, ಹಸಿರು ಗೀಜು ಸಾಮಾನ್ಯವಾಗಿ ಸೋಂಕಿನ ಗುರುತು. ಆದರೂ ಬಣ್ಣ ಆಮೇಲೆ, ಮೊದಲು ರೆಪ್ಪೆ ನೋಡಿ. ಒಂದು ಕಣ್ಣು ಅರೆಮುಚ್ಚಿದ್ದರೆ, ಬೆಳಕಿಗೆ ಕುಗ್ಗಿದರೆ, ಕಣ್ಣುಗುಡ್ಡೆ ಮಸುಕಾಗಿದ್ದರೆ ಗೀಜು ತಿಳಿನೀರಿನಂತಿದ್ದರೂ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಉಗುರು ತಾಗಿ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಗೀರಿರಬಹುದು, ಹುಣ್ಣಾಗಿರಬಹುದು. ವೈದ್ಯರು ಪರೀಕ್ಷೆಗೆ ಫ್ಲೋರೆಸೀನ್ ಬಣ್ಣ ಹಾಕಿದರೆ ಗಾಯವಾದ ಕಡೆ ಹಸಿರಾಗಿ ಹೊಳೆಯುತ್ತದೆ.

ಎಡವಟ್ಟಾಗುವುದು ಮನೆಯಲ್ಲಿ ಉಳಿದ ಡ್ರಾಪ್ಸ್‌ನಿಂದ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಕೆಂಪು ಇಳಿದಂತೆ ಕಾಣುತ್ತದೆ, ಹುಣ್ಣು ಒಳಗೊಳಗೇ ಆಳಕ್ಕಿಳಿಯುತ್ತದೆ. ಬೆಕ್ಕಿನ ಕಣ್ಣುಬೇನೆಗೆ ಬಹಳ ಸಲ ಹರ್ಪಿಸ್ ವೈರಸ್ ಕಾರಣ. ಒಮ್ಮೆ ಹೊಕ್ಕರೆ ನರದಲ್ಲಿ ಅಡಗಿದ್ದು, ಮನೆ ಬದಲಿಸಿದಾಗಲೋ ಹೊಸ ಬೆಕ್ಕು ಬಂದಾಗಲೋ ಮತ್ತೆ ಏಳುತ್ತದೆ. ಸ್ಟೆರಾಯ್ಡ್ ಅದನ್ನೂ ಕೆಣಕುತ್ತದೆ. ನಂದಿಬಟ್ಟಲು ರಸ, ಜೇನು, ಹರಳೆಣ್ಣೆ ಇವೂ ಬೇಡ.

ಒರೆಸಲು ಮೆಡಿಕಲ್ ಶಾಪಿನ 0.9% ನಾರ್ಮಲ್ ಸಲೈನ್, 100 ಎಂ.ಎಲ್. ಬಾಟಲಿ ಸಾಕು. ತೆರೆದದ್ದನ್ನು ಮರುದಿನಕ್ಕೆ ಇಡಬೇಡಿ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಗಾಜ್ ಬಟ್ಟೆ ನೆನೆಸಿ, ಮುಚ್ಚಿದ ಕಣ್ಣಿನ ಮೇಲೆ ಒಂದು ನಿಮಿಷ ಇಡಿ. ಹಕ್ಕಳೆ ನೆನೆಯದೆ ಕಿತ್ತರೆ ಚರ್ಮ ಸುಲಿಯುತ್ತದೆ. ಮೂಗಿನ ಕಡೆಯಿಂದ ಹೊರಗೆ ಒಂದೇ ಸಲ ಎಳೆದು ಆ ತುಂಡನ್ನು ಎಸೆಯಿರಿ, ಇನ್ನೊಂದು ಕಣ್ಣಿಗೆ ಹೊಸದು. ಹತ್ತಿಯ ಎಳೆ ಕಣ್ಣಿಗೆ ಅಂಟುತ್ತದೆ, ಅದಕ್ಕೇ ಗಾಜ್. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ, ಮುಲಾಮು ಕೊನೆಗೆ.

ಕಣ್ಣುಬೇನೆ ತರುವ ಕ್ಲಮೀಡಿಯಾ ಬ್ಯಾಕ್ಟೀರಿಯಾದ ಸೋಂಕಿಗೆ ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯನ್ನು 4 ವಾರ ಕೊಡಿಸುತ್ತಾರೆ. ವಾರದಲ್ಲೇ ಕಣ್ಣು ತಿಳಿಯಾಯಿತೆಂದು ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ 5–6 ಎಂ.ಎಲ್. ನೀರು ಕುಡಿಸಿ. ಒಣ ಮಾತ್ರೆ ಅನ್ನನಾಳದಲ್ಲೇ ಕೂತರೆ ಸುಟ್ಟು ಹುಣ್ಣಾಗಿ, ನಾಳವೇ ಕಿರಿದಾಗುವುದುಂಟು.

ಮರಿಗಳ ಕಣ್ಣು ತೆರೆಯುವುದು 7ರಿಂದ 14ನೇ ದಿನದೊಳಗೆ. ಅದಕ್ಕೂ ಮೊದಲೇ ಮುಚ್ಚಿದ ರೆಪ್ಪೆ ಉಬ್ಬಿದ್ದರೆ ಹಿಂದೆ ಕೀವು ತುಂಬಿದೆ ಎಂದೇ ತಿಳಿಯಿರಿ. ಬೆರಳಿನಿಂದ ಬಿಡಿಸಲು ಹೋಗದೆ ಅವತ್ತೇ ವೈದ್ಯರಿಂದ ತೆರೆಸಿ.